ಪೋಯಿನಾಡು

ದೇವರಾಯಸಮುದ್ರದ ಗಂಗುಲಪ್ಪ ಒಂದೇ ಒಂದು ತೆಲುಗು ಮಾತಿಗೆ ಸತ್ತುಹೋದ.

ರೇಷನ್ ಕಾರ್ಡಿನ ಸರ್ವೆಗೆಂದು ಗುತ್ತಿಗೆ ಕಂಪನಿಯ ವೆಂಕಟ್ ಅಂಗೈಯಗಲದ ಮಷೀನು ಹಿಡಿದು ಬಂದಾಗ ಅವನು ಹಿಪ್ಪುನೇರಳೆ ಸೊಪ್ಪಿಗೆ ಹೋಗಿದ್ದ. ಯಜಮಾನರೆಲ್ಲಿ ಎಂದಿದ್ದಕ್ಕೆ ಹೆಂಡತಿ ಕದಿರಮ್ಮ ರಾಗಿ ಕೇರುತ್ತ, ತಲೆಯೆತ್ತದೆ, “ಆಯಪ್ಪ ಪೋಯಿನಾಡು” ಎಂದಳು. ತೋಟಕ್ಕೆ ಹೋದ ಎಂಬುದು ಅವಳ ಅರ್ಥ. ವೆಂಕಟ್ ಆ ಮಾತನ್ನು ಸಾವಿನ ಮನೆಗಳಲ್ಲಷ್ಟೇ ಕೇಳಿದ್ದ. ಮಷೀನಿನಲ್ಲಿ ‘ಮೃತ’ ಎಂದು ಒತ್ತಿ, ಪಕ್ಕದ ಮನೆಯ ಭಾರತಮ್ಮನಿಗೂ ದನಿ ತಗ್ಗಿಸಿ ಮರುಕದಿಂದ ಹೇಳಿ ಮುಂದೆ ಹೋದ.

ಸೊಪ್ಪಿನ ಹೊರೆಯೊಂದಿಗೆ ಬಂದವನನ್ನು ಭಾರತಮ್ಮ ತಡೆದಳು. “ಲೇ ಗಂಗುಲಪ್ಪ, ನೀನು ಸತ್ತಿದ್ದೀಯಂತಲ್ಲೋ. ಒಂದ್ ಮಾತು ಹೇಳೋದಲ್ವಾ?”

ಕಾರ್ಡಿನಿಂದ ಹೆಸರು ಹೋದರೆ ಅಕ್ಕಿ ಹೋಯಿತು. ಗಂಗುಲಪ್ಪ ಹೊರೆ ಇಳಿಸಿ ಓಡಿ, ಕೆರೆಕಟ್ಟೆಯ ಮೇಲೆ ವೆಂಕಟ್‌ನನ್ನು ಹಿಡಿದ.

“ಸೇವ್ ಆದ್ಮೇಲೆ ತೆಗೆಯೋಕಾಗಲ್ಲ ತಾತ. ಸಾಯಂಕಾಲ ಮುಳಬಾಗಿಲಲ್ಲಿ ಫೋನ್ ಲೈನಿಗೆ ಹಾಕ್ತೀನಿ, ಆಮೇಲೆ ಆಫೀಸಿಗೆ ಹೋಗುತ್ತೆ. ಅಲ್ಲೀವರ್ಗೂ ಇದರೊಳಗೇ ಇರುತ್ತೆ.”

“ನಾನಿಲ್ಲೇ ನಿಂತಿದೀನಲ್ಲಪ್ಪ.”

“ಅದು ಮಷೀನಿಗೆ ಕಾಣಲ್ಲ.”

ಬಡವ ಕಾಣದಿರುವುದು ಮಷೀನು ಬಂದ ಮೇಲೆ ಶುರುವಾದದ್ದೇನಲ್ಲ. ಮೊದಲು ಲೆಡ್ಜರಿಗೆ ಕಾಣುತ್ತಿರಲಿಲ್ಲ, ಅಷ್ಟೆ.

ಜನ ಸೇರಿದರು. ಹಳೆಯ ಗುಮಾಸ್ತ ಕೋದಂಡರಾಮಪ್ಪನವರು ದಾರಿ ತೋರಿಸಿದರು: “ಮೊದ್ಲು ಮರಣ ಪ್ರಮಾಣಪತ್ರ ಮಾಡಿಸ್ಕೋ. ಪತ್ರವೇ ಇಲ್ದೆ ಸಾವು ರದ್ದು ಮಾಡೋದು ಹೆಂಗೆ?”

ಅಷ್ಟರಲ್ಲಿ ಮಷೀನು ಕುಂಯ್ ಎಂದಿತು. ಬ್ಯಾಟರಿ ಪೂರ್ತಿ ಇಳಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಬೇಗ ಚಾರ್ಜಿಗೆ ಹಾಕಬೇಕು ಎಂದು ವೆಂಕಟ್ ಗೊಣಗಿದ. ಊರಿಗೆ ಬೆಳಗಿನಿಂದ ಕರೆಂಟಿರಲಿಲ್ಲ.

ಗಂಗುಲಪ್ಪನಿಗೆ ಸತ್ಕಾರದ ಬುದ್ಧಿ ಹುಟ್ಟಿತು. ಕೈಹಿಡಿದು ಮನೆಗೆ ಕರೆದೊಯ್ದ. ಮುದ್ದೆ, ಹುರುಳಿ ಸಾರು, ಮತ್ತೊಂದು ಮುದ್ದೆ, ಮಜ್ಜಿಗೆ, ಎಲೆಅಡಿಕೆ. ಸತ್ತವನ ಕೈಯಿಂದಲೇ ಬಡಿಸಿಕೊಂಡು ವೆಂಕಟ್ ಏಳುವಷ್ಟರಲ್ಲಿ ಮಷೀನು ಕಣ್ಣು ಮುಚ್ಚಿತ್ತು. ಗಂಗುಲಪ್ಪ ಬದುಕಿದ. ಜೊತೆಗೆ ನಲವತ್ತು ಮನೆಗಳ ಲೆಕ್ಕವೂ ಅಳಿಸಿತು. ವೆಂಕಟ್ ಮುಖ ಸಪ್ಪಗೆ ಮಾಡಿಕೊಂಡು ಬಸ್ಸು ಹತ್ತಿದ.

ಆ ಮುಖ ಗಂಗುಲಪ್ಪನಿಗೆ ನಿದ್ದೆ ಕೊಡಲಿಲ್ಲ. ಬೆಳಿಗ್ಗೆಯೇ, ಹುಡುಗನದು ತಪ್ಪಿಲ್ಲ, ಕೆಲಸದಿಂದ ತೆಗೆಯಬೇಡಿ ಎಂದು ಕೇಳಲು ಮುಳಬಾಗಿಲಿನ ಕಂಪನಿ ಆಫೀಸಿಗೆ ಹೊರಟ. “ಯಾರಾದ್ರೂ ಬಂದ್ರೆ ತೆಲುಗು ಬೇಡ ಕಣೇ. ಅಚ್ಚಗನ್ನಡದಲ್ಲಿ ಹೇಳು” ಎಂದು ಹೆಂಡತಿಗೆ ತಾಕೀತು ಮಾಡಿದ. ಅಲ್ಲಿ ನೋಡಿದರೆ ವೆಂಕಟ್‌ನನ್ನು ರಾತ್ರಿಯೇ ತೆಗೆದಿದ್ದರು.

ವಾಪಸು ಬಸ್ಸಿಳಿದಾಗ ಮಷೀನು ಹಿಡಿದ ಹುಡುಗಿಯೊಬ್ಬಳು ನಿಂತಿದ್ದಳು. ಹೆಸರು ಮೇಧಾ, ವೆಂಕಟ್‌ನ ಜಾಗಕ್ಕೆ ಬಂದವಳು. ತನ್ನ ಮನೆಯದು ಬರೆದಾಯಿತೇ ಎಂದು ಕೇಳಿದ.

“ಕದಿರಮ್ಮನವರದಾ? ಪಾಪ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರೆ. ‘ಯಜಮಾನರು ಬೆಳಿಗ್ಗೇನೇ ಹೋಗಿಬಿಟ್ರಮ್ಮ’ ಅಂದ್ರು. ನಂಗೂ ಕಣ್ಣಲ್ಲಿ ನೀರು ಬಂತು.”

ಗಂಗುಲಪ್ಪ ಮಷೀನನ್ನು ನೋಡಿದ. ಆಮೇಲೆ ಸೂರ್ಯನನ್ನು ನೋಡಿದ. “ದೂರದಿಂದ ಬಂದಿದ್ದೀಯ ತಾಯಿ. ಊಟ ಮಾಡ್ಕೊಂಡ್ ಹೋಗು.”

ಮೇಧಾ ನಕ್ಕಳು. “ನಿನ್ನೆ ಊಟದ ಕತೆ ಆಫೀಸಲ್ಲೆಲ್ಲ ಗೊತ್ತು ತಾತ. ಅದಕ್ಕೇ ಇದು ಹೊಸಾದು ಕೊಟ್ಟಿದ್ದಾರೆ. ಬ್ಯಾಟರಿ ಸತ್ರೂ ಒಂದಕ್ಷರ ಮರೆಯಲ್ಲ.”