ಮಾವನ ಮೀಸೆಗೆ ಶೇಂಗಾ ಎಣ್ಣೆ

ಎಣ್ಣೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಚಳ್ಳಕೆರೆಯ ಬೀದಿಗಳಲ್ಲಿ ಸೈಕಲ್ಲಿಗೆ ಡಬ್ಬ ಕಟ್ಟಿಕೊಂಡು ಶೇಂಗಾ ಎಣ್ಣೆ ಮಾರಿ, ಅದರಿಂದ ಅಂಗಡಿ ಮಾಡಿ, ಅಂಗಡಿಯಿಂದ ಮನೆ ಮಾಡಿದವನು ನಾನು. ಅಂಗೈಗೆ ಒಂದು ಹನಿ ಬಿಟ್ಟು ಉಜ್ಜಿದರೆ ಸಾಕು, ಎಣ್ಣೆಗೆ ಯಾರು ಏನು ಬೆರೆಸಿದ್ದಾರೆ ಎಂದು ಹೇಳಬಲ್ಲೆ. ಜನ ಕೇಳದಿದ್ದರೂ ಹೇಳುತ್ತೇನೆ. ಅಂಥವನಿಗೆ ಗೇಣುದ್ದದ ಒಂದು ಮೀಸೆ ಮಣ್ಣು ಮುಕ್ಕಿಸಿತು!

ಮೀಸೆ ನಮ್ಮ ಮಾವನದು. ಮಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಹುಡುಕಿದರೆ ಮನೆಯಲ್ಲಿ ಒಂದು ಒಳ್ಳೆಯ ಫೋಟೊ ಇಲ್ಲ. ಇದ್ದದ್ದು ಮತದಾರರ ಚೀಟಿಯದು. ಅದರಲ್ಲಿ ಅವರು ಆಗ ತಾನೇ ಪೊಲೀಸರ ಕೈಗೆ ಸಿಕ್ಕವರಂತೆ ಕಾಣುತ್ತಿದ್ದರು. ವರ್ಷದ ಎಡೆಗೆ ಅದನ್ನೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸುತ್ತೇನೆಂದು ನನ್ನ ಭಾವಮೈದ ತಿಪ್ಪೇಸ್ವಾಮಿ ಹೊರಟಿದ್ದ.

ನನ್ನ ಹೆಂಡತಿ ವನಜಾ ಒಪ್ಪಲಿಲ್ಲ. ಮೊಬೈಲಿನಲ್ಲಿ ನೋಡಿ ನೋಡಿ ಆಕೆ ತೈಲಚಿತ್ರ ಬರೆಯುವುದನ್ನು ಕಲಿತಿದ್ದಳು. "ಅಪ್ಪನ್ನ ನಾನು ಬರೀತೀನಿ," ಎಂದಳು.

"ಬರಿಯಕ್ಕ. ಸ್ಟುಡಿಯೋದಾಗೂ ಒಂದು ಮಾಡಿಸಿರ್ತೀನಿ," ಎಂದ ತಿಪ್ಪೇಸ್ವಾಮಿ. "ಯಾವ್ದು ಅಪ್ಪನಂಗೆ ಐತೋ ಅವ್ವನೇ ನೋಡಿ ಹೇಳ್ಲಿ. ಅದನ್ನೇ ಗೋಡೆಗೆ ಹಾಕಾಣ."

ಆಕೆ ಹಗಲೆಲ್ಲ ಕೂತು ಬರೆದಳು. ಕಣ್ಣು ಬಂತು, ಮೂಗು ಬಂತು, ಮುಖವೆಲ್ಲ ಬಂದು ಚೆನ್ನಾಗಿ ಒಣಗಿಯೂ ಆಯಿತು. ಮೀಸೆಯೊಂದು ಉಳಿದಿದ್ದಾಗ ಬಣ್ಣಕ್ಕೆ ಬೆರೆಸುವ ಎಣ್ಣೆ ಮುಗಿಯಿತು.

"ಚಿತ್ರದುರ್ಗಕ್ಕೆ ಹೋಗಿ ಮೀಡಿಯಂ ತಂದುಕೊಡ್ರಿ," ಎಂದು ಖಾಲಿ ಬಾಟಲಿ ಕೈಗಿಟ್ಟಳು.

"ಮೀಡಿಯಂ ಅಂದ್ರೆ? ಇಂಗ್ಲಿಷ್ ಮೀಡಿಯಮ್ಮಾ?"

"ಟ್ಯೂಬಿನಾಗಿನ ಬಣ್ಣ ಗಟ್ಟಿ ಇರುತ್ತೆ ಕಣ್ರಿ. ಟರ್ಪೆಂಟೈನ್ ಹಾಕಿದ್ರೆ ತೆಳ್ಳಗಾಗಿ ಬೇಗ ಆರುತ್ತೆ. ಅಗಸೆ ಎಣ್ಣೆ ಹಾಕಿದ್ರೆ ನಿಧಾನ ಆರಿದ್ರೂ ಹೊಳಪು ಬರುತ್ತೆ, ಕುಂಚ ಹೇಳಿದಂಗೆ ಕೇಳುತ್ತೆ. ನಂಗೆ ಅಗಸೆ ಎಣ್ಣೆ ಬೇಕು. ನೆನಪಿರ್ಲಿ."

ಎಣ್ಣೆ! ಚಳ್ಳಕೆರೆಯ ಎಣ್ಣೆ ವ್ಯಾಪಾರಿ ಎಣ್ಣೆ ಕೊಳ್ಳಲು ಬಸ್ಸು ಹತ್ತಿ ಪರಸ್ಥಳಕ್ಕೆ ಹೋಗಬೇಕು! ಆದರೂ ಹೋದೆ. ಅಂಗಡಿಯವನು ಹೆಬ್ಬೆರಳಿನಷ್ಟು ಬಾಟಲಿ ಇಟ್ಟು ಬೆಲೆ ಹೇಳಿದ. ನಾನು ನಕ್ಕೆ. ಅವನು ನಗಲಿಲ್ಲ. ಅರ್ಧಕ್ಕೆ ಕೇಳಿದೆ. ಅವನು ಬಾಟಲಿಯನ್ನು ವಾಪಸ್ ಶೆಲ್ಫಿಗಿಟ್ಟ.

ಇಲ್ಲಿ ಓದುಗರಿಗೆ ಒಂದು ಸಲಹೆ. ಚೌಕಾಸಿ ನಿಂತುಹೋದರೆ ಮಾತು ಬೆಳೆಸಬೇಡಿ, ಎದ್ದು ಹೊರಡಿ. ಬಾಗಿಲು ದಾಟುವುದರೊಳಗೆ ಕರೆಯುತ್ತಾರೆ. ನಾನು ಹೊರಟೆ. ಬಾಗಿಲು ದಾಟಿದೆ. ಕರೆಯಲಿಲ್ಲ. ಬೀದಿಯ ತಿರುವಿನಲ್ಲಿ ನಿಂತು ಚಪ್ಪಲಿ ಸರಿಮಾಡಿಕೊಂಡೆ. ಕರೆಯಲಿಲ್ಲ. ಬಸ್ಸು ಹತ್ತಿ ಕೂತ ಮೇಲೂ ನನ್ನ ಕಿವಿ ಹಿಂದಕ್ಕೇ ಇತ್ತು. ಕರೆಯಲೇ ಇಲ್ಲ!

ದಾರಿಯಲ್ಲಿ ಯೋಚಿಸಿದೆ. ಅಗಸೆಯೂ ಒಂದು ಕಾಳು, ಶೇಂಗಾವೂ ಒಂದು ಕಾಳು. ಹಿಂಡಿದರೆ ಎರಡೂ ಎಣ್ಣೆಯೇ. ಬಣ್ಣಕ್ಕೇನು ಜಾತಿ ಗೊತ್ತಾಗುತ್ತದೆಯೇ? ಅಂಗಡಿಗೆ ಬಂದವನೇ ನಮ್ಮ ಮೊದಲ ದರ್ಜೆಯ ಶೇಂಗಾ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಸದರಿ ಖಾಲಿ ಬಾಟಲಿಗೆ ತುಂಬಿ, ಬಿರಡೆ ಹಾಕಿ, ಹೆಂಡತಿಗೆ ಒಪ್ಪಿಸಿದೆ.

ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ದಿಂಬೂ ಶೇಂಗಾ ಎಣ್ಣೆ ನಾರುತ್ತದೆ, ನಾನೂ ನಾರುತ್ತೇನೆ. ಬಾಟಲಿಯೊಂದರ ವಾಸನೆ ಯಾರಿಗೆ ತಿಳಿಯಬೇಕು?

"ಬಣ್ಣ ಎಷ್ಟು ನುಣ್ಣಗೆ ಹೋಗ್ತೈತೆ ನೋಡ್ರಿ!" ಎಂದು ವನಜಾ ಹಿಗ್ಗಿದಳು. "ಹೋದ ಸಲದ್ದಕ್ಕಿಂತ ಇದೇ ಚೆನ್ನಾಗೈತೆ."

"ಆರಿಸಿ ತರೋನು ತಂದ್ರೆ ಹಂಗೇ," ಎಂದೆ.

ಮೀಸೆ ಎದ್ದು ನಿಂತಿತು. ಮಾವ ಬೀದಿಗೆ ಇಳಿಯುವಾಗ ತಿರುವಿಕೊಳ್ಳುತ್ತಿದ್ದಂತೆಯೇ, ಎರಡು ತುದಿಯೂ ಮುಗಿಲು ನೋಡುತ್ತಿದ್ದವು. ವನಜಾ ದೂರ ನಿಂತು ನೋಡಿ ಕಣ್ಣೊರೆಸಿಕೊಂಡಳು.

ಆದರೆ ಮೀಸೆ ಒಣಗಲಿಲ್ಲ. ವಾರ ಕಳೆಯಿತು, ಒಣಗಲಿಲ್ಲ. ಇನ್ನೊಂದು ವಾರವೂ ಹೋಯಿತು.

"ಅಗಸೆ ಎಣ್ಣೆ ನಿಧಾನ ಅಂತ ನೀನೇ ಹೇಳಿದ್ಯಲ್ಲ? ಬಿಸಿಲಿಗೆ ಇಡು," ಎಂದು ಸಲಹೆ ಕೊಟ್ಟೆ. ನಾನೇ ಚಿತ್ರವನ್ನು ಮಹಡಿಯ ಮೇಲೆ ಗೋಡೆಗೆ ಒರಗಿಸಿ ಬಂದೆ. ಚಳ್ಳಕೆರೆಯ ಬಿಸಿಲು ಯಾರ ಮುಲಾಜಿಗೂ ಬೀಳುವುದಿಲ್ಲ. ಮಧ್ಯಾಹ್ನ ಹೋಗಿ ನೋಡುತ್ತೇನೆ, ಮೀಸೆ ಕರಗಿ ಬಾಯಿಯ ಎರಡೂ ಪಕ್ಕ ಇಳಿಬಿದ್ದಿದೆ. ಇರುವೆಗಳು ಸಾಲುಗಟ್ಟಿ ದರ್ಶನಕ್ಕೆ ಬಂದಿವೆ! ಮುಖ ಮಾತ್ರ ಒಣಗಿ ಗಟ್ಟಿಯಾಗಿತ್ತು. ಅಳ್ಳಾಡಿದ್ದು ಮೀಸೆಯೊಂದೇ.

ವನಜಾ ಸಂತೆಗೆ ಹೋಗಿದ್ದಳು. ಓಡಿಹೋಗಿ ಪಕ್ಕದ ಬೀದಿಯ ಖಾದರ್‌ನನ್ನು ಕರೆತಂದೆ. ಲಾರಿಗಳಿಗೆ ಬಣ್ಣ ಹೊಡೆಯುವವನು, ಬಣ್ಣದ ವಿಷಯ ಅವನಿಗೆ ಗೊತ್ತಿರಲೇಬೇಕು.

ಖಾದರ್ ಮೀಸೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದ. "ಸೇಠ್, ಸಚ್ ಬೋಲೋ. ಯಾವ ಎಣ್ಣೆ ಹಾಕೀರಿ?"

"ಅಗಸೆ ಎಣ್ಣೆ ಕಣೋ."

"ಅಗಸೆ ಆಗಿದ್ರೆ ಇಷ್ಟೊತ್ತಿಗೆ ಕಲ್ಲಾಗಿರ್ತಿತ್ತು. ಇದು ಒಗ್ಗರಣೆಗೆ ಕಾಯ್ತಾ ಕುಂತೈತೆ."

"ಈಗ ಏನ್ ಮಾಡ್ಲಿ ಹೇಳಪ್ಪ. ಅವಳು ಬರೋ ಹೊತ್ತಾಯ್ತು."

ಖಾದರ್ ತಲೆ ಕೆರೆದುಕೊಂಡ. "ಇಳಿದಿದ್ದು ಏರ್ಬೇಕಾ? ಉಲ್ಟಾ ಇಡಿ."

ಎಂಥ ಮಾತು! ಮಾವನನ್ನು ತಲೆಕೆಳಗಾಗಿ ಬಿಸಿಲಿಗಿಟ್ಟೆ. ಸಂಜೆಯ ಹೊತ್ತಿಗೆ ಮೀಸೆ ವಾಪಸ್ ಹೊರಟು, ತುಟಿ ದಾಟಿ, ಕೆನ್ನೆಯ ಮೇಲೆ ಗತ್ತಾಗಿ ನಿಂತಿತು. ವನಜಾ ಬಂದು ನೋಡಿ, "ಮೊದ್ಲಿಗಿಂತ ಸ್ವಲ್ಪ ಜಾಸ್ತೀನೇ ಎದ್ದೈತಲ್ಲ?" ಎಂದಳು.

"ಬಿಸಿಲಿಗೆ ಒಣಗಿ ಸೆಟೆದುಕೊಂಡೈತೆ," ಎಂದೆ.

ಎಡೆಯ ದಿನ ಬಂತು. ಚಿತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ತಲೆಕೆಳಗಾಗಿ ಇಟ್ಟು, ಬಣ್ಣಕ್ಕೆ ತಾಗದಂತೆ ಮೇಲೊಂದು ಬಟ್ಟೆ ಇಳಿಬಿಟ್ಟೆ. ಬಿ.ಜಿ. ಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ವನಜಾ ಬಟ್ಟೆ ಸರಿಸಿ ನೋಡಿದಳು.

"ಅಯ್ಯೋ! ಅಪ್ಪನ್ನ ಯಾಕ್ರಿ ತಲೆ ಕೆಳಗೆ ಮಾಡೀರಿ?"

"ಅಲುಗಾಡಬಾರ್ದು ಅಂತ."

"ಬದುಕಿದ್ದಾಗ ನಿಮಗೆ ಒಂದು ಮಾತು ಅಂದೋರಲ್ಲ. ಸತ್ತ ಮೇಲೆ ಶೀರ್ಷಾಸನ ಹಾಕಿಸ್ತೀರಾ?" ಎಂದು ಅವಳೇ ನೆಟ್ಟಗೆ ನಿಲ್ಲಿಸಿದಳು. ಹೊರಗೆ ಬಿಸಿಲು ಉರಿಯುತ್ತಿತ್ತು. ಕಾರು ಓಡಿಸುವವನು ಮುಂದೆ ನೋಡಬೇಕೆಂಬುದು ನಿಯಮ. ನಾನು ಕನ್ನಡಿಯಲ್ಲಿ ಹಿಂದೆಯೇ ನೋಡುತ್ತಿದ್ದೆ.

ಮೊಳಕಾಲ್ಮೂರಿನ ಮನೆಯಲ್ಲಿ ನೆಂಟರು ತುಂಬಿದ್ದರು. ಮೊದಲು ತಿಪ್ಪೇಸ್ವಾಮಿ ತನ್ನ ಸ್ಟುಡಿಯೋ ಚಿತ್ರವನ್ನು ಇಟ್ಟ. ಮಾವನಿಗೆ ಕೋಟು ತೊಡಿಸಿ, ಟೈ ಕಟ್ಟಿ, ಹಿಂದೆ ಒಂದು ಜಲಪಾತ ಬಿಟ್ಟಿದ್ದರು. ಅತ್ತೆ ಬಗ್ಗಿ ನೋಡಿ, "ಎವರಪ್ಪಾ ಈ ಕೋಟಿನಾಯನ? ಬ್ಯಾಂಕಿನೋರಾ?" ಎಂದರು. ಅತ್ತೆಯ ತವರು ಆಂಧ್ರದ ಗಡಿಯ ಆಚೆ. ಅವರ ಮಾತಿನಲ್ಲಿ ತೆಲುಗು, ಕನ್ನಡ ಎರಡೂ ಒಟ್ಟಿಗೆ ಓಡಾಡುತ್ತವೆ.

ವನಜಾ ತನ್ನ ಚಿತ್ರದ ಬಟ್ಟೆ ತೆಗೆದಳು. ಮೀಸೆ ಪೂರ್ತಿ ಇಳಿದಿತ್ತು. ವನಜಾಳ ಮುಖ ಬಿಳಿಚಿಕೊಂಡಿತು.

ಅತ್ತೆ ಹತ್ತಿರ ಹೋದರು. ಇಳಿದ ಮೀಸೆಯನ್ನು ಬಗ್ಗಿ ನೋಡಿದರು.

"ಇವ್ರೇ," ಎಂದರು. "ಬೀದಿಗೆ ಹೋಗ್ಬೇಕಾದ್ರೆ ಮೀಸೆ ತಿರುವ್ಕೊಂಡು ಹೋಗೋರು, ಊರೆಲ್ಲ ಅದನ್ನೇ ನೋಡಿದ್ದು. ಮಗ್ಗದಾಗೆ ಕೂತು ಕೂತು ಸಂಜೆ ಊಟಕ್ಕೆ ಬರೋ ಹೊತ್ತಿಗೆ ಹಿಂಗೇ ಇಳಿದಿರೋದು. ಅದು ನಂಗೊಬ್ಬಳಿಗೇ ಗೊತ್ತು. ನಿಂಗೆ ಹೆಂಗೆ ತಿಳೀತೇ ವನಜಾ?"

ವನಜಾ ಅವ್ವನ ಹೆಗಲಿಗೆ ಒರಗಿ ಅತ್ತಳು. ಇಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಸುಮ್ಮನಿರುತ್ತಾನೆ. ಅಷ್ಟರಲ್ಲಿ ಅತ್ತೆ ಮೂಗು ಅರಳಿಸಿ, "ಏಮಿಟಿದಿ? ಶೇಂಗಾ ಎಣ್ಣೆ ವಾಸನ?" ಎಂದರು.

"ನಮ್ಮ ಅಂಗಡೀದೇ ಅತ್ತೆ! ಫಸ್ಟ್ ಕ್ವಾಲಿಟಿ!" ಎಂದುಬಿಟ್ಟೆ. ವ್ಯಾಪಾರಿಯ ಬಾಯಿ!

ವನಜಾ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅಗಸೆ ಎಣ್ಣೆ ಗಾಳಿಗೆ ಗಟ್ಟಿ ಆಗುತ್ತೆ, ಅದಕ್ಕೇ ಬಣ್ಣಕ್ಕೆ ಹಾಕೋದು. ಶೇಂಗಾ ಎಣ್ಣೆ ಜನ್ಮದಾಗೆ ಆಗಲ್ಲ. ಆಗಿದ್ರೆ ಇಷ್ಟು ವರ್ಷ ನೀವು ಡಬ್ಬದಾಗೆ ಕಲ್ಲು ಮಾರ್ತಿದ್ರಿ!"

ನೆಂಟರೆಲ್ಲ ನಕ್ಕರು. ಕೋಟಿನ ಮಾವನೊಬ್ಬರೇ ನಗಲಿಲ್ಲ.

ಮೀಸೆಯನ್ನು ಅಳಿಸಿ ಮತ್ತೆ ಬರೆಯುತ್ತೇನೆಂದಳು ವನಜಾ. "ಮುಟ್ಟಬೇಡ," ಎಂದರು ಅತ್ತೆ. ವನಜಾಳ ಚಿತ್ರವೇ ಗೋಡೆಗೇರಿತು. ನನ್ನ ಎಣ್ಣೆಯಿಂದಲೇ ಗೆದ್ದಳೆಂದು ನಾನು ಒಳಗೊಳಗೇ ಬೀಗಿದೆ. ಆ ಹೆಮ್ಮೆ ತಿಪ್ಪೇಸ್ವಾಮಿ ಫೋನ್ ಮಾಡುವವರೆಗೆ ಉಳಿಯಿತು.

"ಭಾವ, ಒಂದ್ಸಲ ಬಂದು ಹೋಗ್ರಿ. ಅಪ್ಪನಿಗೆ ಗಡ್ಡ ಬರ್ತಾ ಐತೆ."

ಅಂದಿನಿಂದ ಬೇಸಿಗೆ ಬಂತೆಂದರೆ ನನಗೆ ಮೊಳಕಾಲ್ಮೂರಿಗೆ ಓಡಾಟ. ಗದ್ದಕ್ಕೆ ಇಳಿದ ಬಣ್ಣವನ್ನು ಒರೆಸಿ ತುಟಿಯ ಪಕ್ಕಕ್ಕೆ ಏರಿಸುತ್ತೇನೆ. ಅತ್ತೆ ಹಿಂದೆ ನಿಂತು, "ಇಂಕೊಂಚೆಂ, ಇನ್ನೊಂಚೂರು ಮೇಲೆ, ಅಳಿಯಾ... ಸಾಕು, ಸಾಕು," ಎಂದು ಅಳತೆ ಹೇಳುತ್ತಾರೆ. ಊರಿಗೆಲ್ಲ ಸಲಹೆ ಕೊಡುವ ನಾನು ತುಟಿ ಬಿಚ್ಚದೆ ಕೇಳುತ್ತೇನೆ.

ಹೋದ ಸಲ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಅತ್ತೆ ನನ್ನನ್ನೇ ದಿಟ್ಟಿಸಿ ಮಗಳಿಗೆ ಹೇಳಿದರು: "ಪಾಪ, ಇವ್ರದ್ದೂ ಇಳಿದೈತೆ ನೋಡೇ."

ನಾನು ಮೀಸೆ ಬಿಟ್ಟವನೇ ಅಲ್ಲ. ಅವರು ಹೇಳಿದ್ದು ಮುಖದ ವಿಷಯ!