ಕಾರಿನ ಬಾಗಿಲು ತೆಗೆಯುವ ಖಳನಾಯಕ

ಮನೆಯಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಎಂಬುದು ಆ ಕ್ಷೌರಿಕನ ಬಹುಕಾಲದ ಕೊರಗು. ಅಂಗಡಿಯಲ್ಲಿ ಎಂಥ ದೊಡ್ಡ ಮನುಷ್ಯನೂ ಅವನ ಮುಂದೆ ತಲೆ ತಗ್ಗಿಸುತ್ತಿದ್ದ (ತಗ್ಗಿಸದಿದ್ದರೆ ಹಿಂದಲೆಯ ಕೂದಲು ಕತ್ತರಿಸುವುದು ಹೇಗೆ?). ಮನೆಗೆ ಬಂದರೆ ಹೆಂಡತಿಯೂ ಅತ್ತೆಯೂ ಟೀವಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಇಬ್ಬರಿಗೂ ಪತ್ತೇದಾರಿ ಧಾರಾವಾಹಿಯೊಂದರ ಹುಚ್ಚು. ಅದರಲ್ಲಿ ಕೊಲೆಗಳನ್ನೆಲ್ಲ ಮಾಡಿಸುತ್ತಿರುವ ಮುಖ್ಯ ಖಳ ಯಾರು? ಇಸ್ತ್ರಿ ಅಂಗಡಿಯಾಕೆ ಎಂದು ಹೆಂಡತಿ ಘೋಷಿಸಿದ್ದಳು, ಅತ್ತೆ ಅನುಮೋದಿಸಿದ್ದರು. ಕ್ಷೌರಿಕನದು ಏಕಸದಸ್ಯ ವಿರೋಧಪಕ್ಷ. ಸಾಹುಕಾರನ ಕಾರಿನ ಬಾಗಿಲು ತೆಗೆದು “ಬನ್ನಿ ಸಾರ್” ಎನ್ನುವುದು ಬಿಟ್ಟರೆ ಬೇರೆ ಮಾತೇ ಇಲ್ಲದ ಡ್ರೈವರನ ಮೇಲೆ ಅವನ ಗುಮಾನಿ.

ಹೀಗಿರುವಾಗ ಆ ಡ್ರೈವರನ ಪಾತ್ರಧಾರಿಯೇ ಒಂದು ದಿನ ಗಡ್ಡ ಬೋಳಿಸಿಕೊಳ್ಳಲು ಬಂದು ಕುಳಿತ. ಕೊನೆಗೆ ಸಿಕ್ಕಿಬೀಳುವವರು ನೀವೇ ತಾನೆ ಎಂದು ಕ್ಷೌರಿಕ ತಡೆಯಲಾರದೆ ಕೇಳಿದ. ತನಗೆ ತನ್ನ ಮಾತಿನ ಹಾಳೆ ಮಾತ್ರ ಕೊಡುತ್ತಾರೆ, ಕಥೆ ಯಾರಿಗೆ ಗೊತ್ತು ಎಂದ ಪಾತ್ರಧಾರಿ. ಕ್ಷೌರಿಕ ನೊರೆ ಹಚ್ಚುತ್ತ ತನ್ನ ಸಿದ್ಧಾಂತವನ್ನು ಸಾಂಗೋಪಾಂಗವಾಗಿ ಮಂಡಿಸಿದ. ಡ್ರೈವರ್ ಕೈಗವಸು ಬಿಚ್ಚುವುದೇ ಇಲ್ಲವಲ್ಲ, ಏಕೆ? ಹೆಣ ಬಿದ್ದಲ್ಲೆಲ್ಲ ಅವನ ಕಾರು ಮೊದಲೇ ನಿಂತಿರುತ್ತದಲ್ಲ, ಹೇಗೆ? ಕೇಳುತ್ತ ಕೇಳುತ್ತ ಪಾತ್ರಧಾರಿಯ ಎದೆ ಉಬ್ಬಿತು.

“ನಾನು ಇಷ್ಟು ದೊಡ್ಡವನು ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ರೀ. ಈಗ್ಲೇ ಹೋಗಿ ಡೈರೆಕ್ಟರನ್ನ ಕೇಳ್ತೀನಿ” ಎಂದು ಒಂದೇ ಕೆನ್ನೆ ಬೋಳಿಸಿದ ಮುಖದಲ್ಲೇ ಹೊರಟೇಹೋದ.

ಕ್ಷೌರಿಕ ಅಂದಿನಿಂದ ಟೀವಿಯ ಮುಂದೆಯೇ ಕಾದು ಕುಳಿತ. ಮುಂದಿನ ಕಂತಿನಲ್ಲಿ ಸಾಹುಕಾರ ತಾನೇ ಕಾರಿನ ಬಾಗಿಲು ತೆಗೆದುಕೊಂಡು ಇಳಿದ. ಡ್ರೈವರ್ ಕೆಲಸ ಬಿಟ್ಟನಂತೆ.

“ಏನ್ರೀ, ನಿಮ್ಮ ಮುಖ್ಯ ಖಳ ರಾಜೀನಾಮೆ ಕೊಟ್ಟನಲ್ಲ?” ಎಂದಳು ಹೆಂಡತಿ.

ಅವನಿಗೆ ನಗು ಬರಲಿಲ್ಲ. ತನ್ನ ಬಾಯಿಚಪಲಕ್ಕೆ ಒಬ್ಬ ಬಡಪಾಯಿಯ ಹೊಟ್ಟೆಯ ಮೇಲೆ ಕಲ್ಲು ಬಿತ್ತಲ್ಲ ಎಂಬ ಯೋಚನೆಯಲ್ಲೇ ಮರುದಿನ ಗಿರಾಕಿಯೊಬ್ಬನ ಮೀಸೆಯ ಒಂದು ತುದಿ ಹಾರಿಸಿದ.

ಪಾತ್ರಧಾರಿ ಮತ್ತೆ ಬಾಗಿಲಲ್ಲಿ ಕಾಣಿಸಿದಾಗ ಕ್ಷೌರಿಕ ಕ್ಷಮೆ ಕೇಳಲು ಕೈ ಜೋಡಿಸಿದ. ಆದರೆ ಬಂದವನ ಮುಖ ಅರಳಿತ್ತು. ನಿರ್ದೇಶಕರಿಗೆ ಆ ಸಿದ್ಧಾಂತ ಬಲು ಹಿಡಿಸಿತಂತೆ. ಆದರೆ ಅಷ್ಟು ಭಾರದ ಪಾತ್ರ ಇವನಿಂದಾಗದೆಂದು, ಕೈಗವಸೂ ಕಾರೂ ಸಮೇತ ಎಲ್ಲವನ್ನೂ ಇಸ್ತ್ರಿ ಅಂಗಡಿಯಾಕೆಗೆ ವರ್ಗಾಯಿಸಿದರಂತೆ. ಇವನಿಗೆ ತಮ್ಮ ಸ್ವಂತ ಕಾರು ಓಡಿಸುವ ಕೆಲಸ ಕೊಟ್ಟರಂತೆ, ಹೆಚ್ಚಿನ ಸಂಬಳಕ್ಕೆ.

ಕೊನೆಯ ಕಂತಿನ ದಿನ ಇಸ್ತ್ರಿ ಅಂಗಡಿಯಾಕೆಗೆ ಬೇಡಿ ಬಿತ್ತು. ತಾಯಿಮಗಳ ಸಂಭ್ರಮ ನೋಡಲಾರದೆ ಕ್ಷೌರಿಕ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ನಿನ್ನನ್ನು ಗೆಲ್ಲಿಸಿದವನೇ ನಾನು ಎಂದ. ಹೆಂಡತಿ ಸಮಾಧಾನದಿಂದ ಕೇಳಿ, ಅವನ ಹಣೆ ಮುಟ್ಟಿ ನೋಡಿದಳು.

“ಅಮ್ಮಾ, ಮೈ ಬಿಸಿ ಏನೂ ಇಲ್ಲ. ಮತ್ತ್ಯಾಕೆ ಹೀಗೆಲ್ಲ ಮಾತಾಡ್ತಿದ್ದಾರೆ?”

“ಸೋತಿದ್ದಾರಲ್ಲ, ಪಾಪ” ಎಂದರು ಅತ್ತೆ. “ಒಂದು ಲೋಟ ಹಾಲು ಕೊಟ್ಟು ಮಲಗಿಸು.”