ಕಾಂಬೋಡಿಯಾದ ಈಶ್ವರನಿಗೆ ನನ್ನ ಅಭಿಷೇಕ

ಬೈಕಿನ ಹಿಂದೆ ಕೂರುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಂಜನಗೂಡಿನಲ್ಲಿದ್ದಾಗ ಯಜಮಾನರ ಸ್ಕೂಟರಿನ ಮೇಲೆ ಒಂದು ಪಕ್ಕಕ್ಕೆ ಕೂತು, ಮಡಿಲಲ್ಲಿ ಮಗಳನ್ನೂ ಕೈಯಲ್ಲಿ ರಾಗಿ ಡಬ್ಬವನ್ನೂ ಹಿಡಿದು ಗಿರಣಿಗೆ ಹೋಗಿ ಬರುತ್ತಿದ್ದವಳು ನಾನು. ಓದಿದ್ದು ನಾಲ್ಕನೇ ಕ್ಲಾಸು. ಬೀಳದೆ ಕೂರುವುದರಲ್ಲಿ ಮಾತ್ರ ಡಬಲ್ ಗ್ರಾಜುಯೇಟು.

ಆದ್ದರಿಂದ ಮಗಳು ಸುಧಾ ರಜೆ ಹಾಕಿ ಕಾಂಬೋಡಿಯಾಗೆ ಹೋಗುತ್ತೇನೆ, ಕಾಡಿನೊಳಗಿನ ಹಾಳು ದೇವಸ್ಥಾನಗಳನ್ನು ಬೈಕಿನಲ್ಲಿ ಸುತ್ತುತ್ತೇನೆ ಅಂದಾಗ ನಾನೂ ಬರುತ್ತೇನೆ ಅಂದುಬಿಟ್ಟೆ. ಅವಳು ಬೇಡವೆಂದಳು. ರಸ್ತೆ ಸರಿಯಿಲ್ಲ, ಹಿಂದಿನ ಕಾಲದ ರಾಜರು ಕಟ್ಟಿಸಿದ ಗುಡಿಗಳ ಮೇಲೆ ಮರ ಬೆಳೆದಿದೆ, ಅರ್ಚಕರಿಲ್ಲ, ಪೂಜೆಯಿಲ್ಲ, ನೂರಾರು ವರ್ಷದಿಂದ ದೀಪ ಹಚ್ಚಿದವರಿಲ್ಲ ಎಂದೆಲ್ಲ ಹೆದರಿಸಿದಳು. ಯಾರ ಗುಡಿ ಎಂದು ಕೇಳಿದೆ. ಈಶ್ವರನದು ಅಂದಳು. ಅಲ್ಲಿಗೆ ನನ್ನ ತೀರ್ಮಾನ ಆಗಿಹೋಯಿತು.

ಇದರ ಹಿಂದೆ ಭಕ್ತಿ ಎಷ್ಟಿತ್ತೋ ಹೇಳಲಾರೆ. ಲಲಿತಮ್ಮ ಇದ್ದದ್ದು ಮಾತ್ರ ನಿಜ.

ಈಗ ನಮ್ಮ ಮನೆ ಇರುವ ಅಮೆರಿಕದ ಸಮಾಮಿಶ್‌ನಲ್ಲಿ ನಾವು ಹೆಂಗಸರು ಶನಿವಾರ ಶನಿವಾರ ಯಾರಾದರೊಬ್ಬರ ಮನೆಯಲ್ಲಿ ಭಜನೆ ಮಾಡುತ್ತೇವೆ. ಕೊನೆಯಲ್ಲಿ ಮೊದಲ ಆರತಿ ಎತ್ತುವ ಹಕ್ಕು ಎಲ್ಲರಿಗಿಂತ ದೊಡ್ಡ ಯಾತ್ರೆ ಮಾಡಿದವರದು. ಲಲಿತಮ್ಮ ಮಾನಸ ಸರೋವರಕ್ಕೆ ಹೋಗಿ ಬಾಟಲಿಯಲ್ಲಿ ನೀರು ತಂದಂದಿನಿಂದ ಆ ಹಕ್ಕು ಅವರ ಹತ್ತಿರ ಉಳಿದುಬಿಟ್ಟಿತ್ತು. ಭಜನೆ ನಮ್ಮ ಮನೆಯಲ್ಲೇ ನಡೆದರೂ, ತಟ್ಟೆ ನನ್ನದು, ಕರ್ಪೂರ ನನ್ನದು, ಎತ್ತುವುದು ಲಲಿತಮ್ಮ. ನಾನು ಎರಡನೇ ಸಾಲು.

ಹೊರಡುವ ಮುಂಚಿನ ಶನಿವಾರ ಸಭೆಯಲ್ಲಿ ಘೋಷಿಸಿದೆ: ದೀಪವನ್ನೇ ಕಾಣದ ಈಶ್ವರನಿಗೆ ಪಂಚಾಮೃತ ಅಭಿಷೇಕ ಮಾಡಿ ಬರುತ್ತೇನೆ. ಹೆಂಗಸರೆಲ್ಲ ಕೈ ಮುಗಿದರು. ಲಲಿತಮ್ಮ ಮಾತ್ರ, "ಫೋಟೋ ತಗೊಂಡ್ ಬನ್ನಿ, ನೋಡೋಣ" ಅಂದರು. ಆ 'ನೋಡೋಣ' ಕೇಳಿದ ಮೇಲೆ ಹಿಂದೆ ಸರಿಯುವ ದಾರಿ ಮುಚ್ಚಿತು. ಯಜಮಾನರನ್ನೂ ಕರೆದೆ. "ನಿನ್ನ ಹಟ ನಿಂದು, ನನ್ನ ಸೊಂಟ ನಂದು" ಎಂದು ಅವರು ಮನೆಯಲ್ಲೇ ಉಳಿದರು.

ಕಾಂಬೋಡಿಯಾದಲ್ಲಿ ಸುಧಾಗೆ ಒಂದು ಬಾಡಿಗೆ ಬೈಕು. ನನಗೆ ಸೋಕ್ ಎಂಬ ಡ್ರೈವರು ಮತ್ತು ಅವನ ಬೈಕು. ನಾನು ಅಭ್ಯಾಸದಂತೆ ಒಂದು ಪಕ್ಕಕ್ಕೆ ಕೂತೆ. ಸೋಕ್ ಇಳಿದು ನಿಂತುಬಿಟ್ಟ. ಈ ದಾರಿಯಲ್ಲಿ ಹಾಗೆ ಕೂತರೆ ಮೊದಲ ಗುಂಡಿಯಲ್ಲೇ ನಾನು ಇಳಿದುಹೋಗುತ್ತೇನೆ ಎಂದು ಅವನು ಹೇಳಿದ್ದನ್ನು ಸುಧಾ ಕನ್ನಡದಲ್ಲಿ ಹೇಳಿದಳು. ರೂಮಿಗೆ ವಾಪಸು ಹೋಗಿ ಕಚ್ಚೆ ಹಾಕಿ ಸೀರೆ ಉಟ್ಟು ಬಂದು ಗಂಡಸರ ಹಾಗೆ ಕೂತೆ. ಸಮಾಮಿಶ್‌ನಲ್ಲಿ ಪಕ್ಕದ ಬೀದಿಗೂ ಕಾರಿನಲ್ಲಿ ಹೋಗಿ ಹೋಗಿ ನನ್ನ ಮಂಡಿಗಳು ಅಷ್ಟು ಅಗಲವಾಗುವುದನ್ನೇ ಮರೆತಿದ್ದವು. ಸುಧಾ ಮನೆಯಿಂದ ತಂದಿದ್ದ ಕಪ್ಪು ಹೆಲ್ಮೆಟ್ಟನ್ನು ನನ್ನ ತಲೆಗೆ ಒತ್ತಿ ಬೆಲ್ಟು ಬಿಗಿದಳು.

ಪಂಚಾಮೃತವನ್ನು ಅಲ್ಲಿ ಹೋಗಿ ಕಲಸಬೇಕೋ ಇಲ್ಲೇ ಕಲಸಬೇಕೋ ಎಂಬ ಪ್ರಶ್ನೆ ಬಂದಿತ್ತು. ಅಲ್ಲಿ ನೀರು ಸಿಗುತ್ತದೋ ಇಲ್ಲವೋ, ಮಡಿ ಹೇಗೋ ಎಂದು ಬೆಳಿಗ್ಗೆ ಸ್ನಾನ ಮಾಡಿದವಳೇ ರೂಮಿನಲ್ಲೇ ಕಲಸಿದ್ದೆ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ, ಮೇಲೆ ಬಾಳೆಹಣ್ಣು. ಸ್ಟೀಲ್ ಡಬ್ಬಿಗೆ ತುಂಬಿ, ಬಟ್ಟೆ ಕಟ್ಟಿ, ನನಗೂ ಸೋಕ್‌ಗೂ ಮಧ್ಯೆ ಇಟ್ಟುಕೊಂಡೆ. ಅಭಿಷೇಕ ಆಗುವವರೆಗೆ ನಾನು ಏನೂ ತಿನ್ನುವ ಹಾಗಿರಲಿಲ್ಲ.

ರಸ್ತೆ ಎಂದು ಅವರು ಕರೆಯುತ್ತಿದ್ದದ್ದು ಕೆಂಪು ಮಣ್ಣಿನ ಗುಂಡಿಗಳ ಸಾಲು. ಪ್ರತಿ ಗುಂಡಿಗೂ ಡಬ್ಬಿ ಒಂದೊಂದು ಗುಟುಕು ಉಗುಳಿತು. ಈಶ್ವರನಿಗಿಂತ ಮೊದಲು ಅಭಿಷೇಕ ಆದದ್ದು ಸೋಕ್‌ನ ಬೆನ್ನಿಗೆ. ಅವನ ಬೆನ್ನನ್ನು ಹಿಂಬಾಲಿಸಿ ನೊಣಗಳು ಬಂದವು. ನಾನು ಕನ್ನಡದಲ್ಲಿ ಕ್ಷಮೆ ಕೇಳಿದೆ, ಅವನು ಅವನ ಭಾಷೆಯಲ್ಲಿ ಏನೋ ಅಂದ. ಅರ್ಥವಾಗದ್ದು ಒಳ್ಳೆಯದೇ ಆಯಿತು.

ಗುಡಿ ಬಂತು. ಬಾಗಿಲವಾಡ ನಿಂತಿತ್ತು, ಗೋಡೆ ಅರ್ಧ ಬಿದ್ದಿತ್ತು, ಬೇರುಗಳು ಕಲ್ಲುಗಳನ್ನು ಹಿಡಿದುಕೊಂಡಿದ್ದವು. ನಾನು ಪ್ರದಕ್ಷಿಣೆಗೆ ಹೊರಟೆ. ಅರ್ಧ ದಾರಿಯಲ್ಲಿ ಸೋಕ್ ಓಡಿ ಬಂದು ಅಡ್ಡ ನಿಂತ. ಆಚೆ ಬದಿಯಲ್ಲಿ ಯುದ್ಧದ ಕಾಲದಲ್ಲಿ ನೆಲದೊಳಗೆ ಹೂತಿಟ್ಟ ಸಿಡಿಗುಂಡುಗಳನ್ನು ಇನ್ನೂ ತೆಗೆದಿಲ್ಲವಂತೆ. ಅಲ್ಲಿ ಕೆಂಪು ಹಲಗೆಯೂ ಇತ್ತು. ಸುಧಾ ಬೆವರಿಬಿಟ್ಟಳು. ಈಶ್ವರನಿಗೆ ಹೇಗೂ ಅರ್ಧ ಪ್ರದಕ್ಷಿಣೆಯೇ ಶಾಸ್ತ್ರ, ತೀರ್ಥ ಹರಿಯುವ ಕಡೆ ದಾಟಬಾರದು ಎಂದು ಅವಳಿಗೆ ಹೇಳಿ ವಾಪಸು ತಿರುಗಿದೆ.

ಒಳಗೆ ಹೋದರೆ ಪಾಣಿಪೀಠವಿದೆ, ಈಶ್ವರ ಇಲ್ಲ. ಲಿಂಗ ಇರಬೇಕಾದ ಜಾಗದಲ್ಲಿ ಚೌಕನೆಯ ಗುಂಡಿ.

"ಎಲ್ಲಿ ಹೋದ?" ಅಂದೆ.

"ಯಾವುದೋ ಮ್ಯೂಸಿಯಮ್‌ಗೆ ತಗೊಂಡ್ ಹೋಗಿರ್ತಾರೆ, ಇಲ್ಲ ಕಳ್ಳರು ಹೊತ್ಕೊಂಡ್ ಹೋಗಿರ್ತಾರೆ. ನಾನು ಅಲ್ಲೇ ಹೇಳಿದ್ನಲ್ಲ ಅಮ್ಮ, ಇದು ಹಾಳು ಗುಡಿ ಅಂತ."

ಖಾಲಿ ಪೀಠದ ಫೋಟೋ ತೆಗೆದುಕೊಂಡು ಹೋಗಿ ಲಲಿತಮ್ಮನ ಮುಂದೆ ಹಿಡಿಯುವುದನ್ನು ಒಮ್ಮೆ ಯೋಚಿಸಿ ನೋಡಿದೆ. ಆಗುವ ಮಾತಲ್ಲ. ವಿಗ್ರಹ ಇಲ್ಲದಿದ್ದರೆ ಅಡಿಕೆಯಲ್ಲೋ ಅರಿಶಿನದ ಉಂಡೆಯಲ್ಲೋ ದೇವರನ್ನು ಕರೆಯುವುದು ನಮ್ಮಲ್ಲಿ ಇದ್ದದ್ದೇ. ಅಡಿಕೆ ರೂಮಿನಲ್ಲಿ ಉಳಿದಿತ್ತು. ಅರಿಶಿನ ದಾರಿಯಲ್ಲಿ ಚೆಲ್ಲಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಹಸಿದವಳ ಕಣ್ಣಿಗೆ ಕೈಯಲ್ಲಿದ್ದ ಹೆಲ್ಮೆಟ್ಟು ಬಿತ್ತು. ಕಪ್ಪಗೆ, ನುಣ್ಣಗೆ, ಮೇಲೆ ಗುಂಡಗೆ. ಗುಂಡಿಯ ಮೇಲೆ ಮಗುಚಿ ಇಟ್ಟೆ. ಅಲುಗಾಡದೆ ಕೂತಿತು.

ಸುಧಾ ಬಾಯಿ ತೆರೆದಳು. ಸುಮ್ಮನಿರು ಅಂದೆ.

ಬೆಲ್ಟನ್ನು ಒಳಗೆ ತೂರಿಸಿ, ನೀರು ಚಿಮುಕಿಸಿ, ವಿಭೂತಿಯ ಮೂರು ಗೆರೆ ಎಳೆದು, ಗೊತ್ತಿದ್ದಷ್ಟು ಹೇಳಿ ಈಶ್ವರನನ್ನು ಕರೆದೆ. ಡಬ್ಬಿಯ ತಳದಲ್ಲಿ ಉಳಿದಿದ್ದ ಪಂಚಾಮೃತವನ್ನು ಎರೆದೆ. ದೀಪ ಹಚ್ಚಿದೆ. ಸುಧಾ ಫೋಟೋ ತೆಗೆದಳು. ಆ ಕತ್ತಲಲ್ಲಿ ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಕೆಲಸ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಪಕ್ಕದ ಹಳ್ಳಿಯ ಮುದುಕಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ತಲೆಗೂದಲು ತೆಗೆಸಿದ್ದಳು, ನನ್ನದೇ ವಯಸ್ಸು. ದೀಪ ನೋಡಿದಳು, ವಿಭೂತಿ ನೋಡಿದಳು, ನನ್ನ ಕಚ್ಚೆ ನೋಡಿದಳು. ಹೊರಗೆ ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಮೂವರೂ ಕೂತು ಊದುಬತ್ತಿ ಹಚ್ಚಿ, ಒಂದು ಚಿಪ್ಪು ಬಾಳೆಹಣ್ಣು ಇಟ್ಟು, ಹಣೆ ನೆಲಕ್ಕೆ ತಾಗಿಸಿ ನನ್ನ ಹೆಲ್ಮೆಟ್ಟಿಗೆ ನಮಸ್ಕಾರ ಮಾಡಿದರು. ಆಮೇಲೆ ನನಗೂ ಒಂದು ಹಣ್ಣು ಕೊಟ್ಟರು. ತಿಂದೆ. ಆವತ್ತಿನ ನನ್ನ ಮೊದಲ ಆಹಾರ.

"ಅಮ್ಮ, ಈಗ ಹೆಲ್ಮೆಟ್ ಹೇಗ್ ತಗೋತೀಯ?" ಎಂದು ಸುಧಾ ಕಿವಿಯಲ್ಲಿ ಕೇಳಿದಳು.

ಹೋಗಿ ಎತ್ತಿದೆ. ಮುದುಕಿ ಎರಡೂ ಕೈ ಎದೆಗೆ ಹಿಡಿದು ನನ್ನ ಮುಖ ನೋಡಿದಳು. ಮತ್ತೆ ಇಟ್ಟೆ. ಇನ್ನೊಂದು ತೊಂದರೆಯೂ ಇತ್ತು. ದೇವರನ್ನು ಕರೆಯುವುದು ನನಗೆ ಗೊತ್ತಿತ್ತು, ಕಳಿಸಿಕೊಡುವ ಮಂತ್ರ ಗೊತ್ತಿರಲಿಲ್ಲ. ಅದನ್ನು ನಮ್ಮೂರಿನಲ್ಲಿ ಯಾವಾಗಲೂ ಪುರೋಹಿತರೇ ಹೇಳುತ್ತಿದ್ದರು. ಕರೆದು ಕೂರಿಸಿದವನನ್ನು ಕಳಿಸದೆ ತಲೆಗೆ ಹಾಕಿಕೊಳ್ಳುವುದು ಹೇಗೆ? ತಲೆಗೆ ಟವೆಲು ಸುತ್ತಿಕೊಂಡು ಬೈಕು ಹತ್ತಿದೆ. ರೂಮಿಗೆ ಬಂದ ಮೇಲೆ ಸುಧಾ ಅದರ ಬೆಲೆ ಹೇಳಿದಳು. ಒಳ್ಳೆಯ ಹೆಲ್ಮೆಟ್ಟಂತೆ.

ಸಮಾಮಿಶ್‌ಗೆ ಬಂದ ಮೇಲಿನ ಶನಿವಾರ ಭಜನೆ ನಮ್ಮಲ್ಲೇ. ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿದರು. ಈಶ್ವರ ಗೋಡೆಯ ತುಂಬ ಕಾಣಿಸಿಕೊಂಡ. ಎಂಥ ಕಲ್ಲು, ಎಂಥ ಹೊಳಪು ಎಂದು ಹೆಂಗಸರು ಎದ್ದು ನಿಂತು ಕೈ ಮುಗಿದರು. ಯಾರೋ ಕರ್ಪೂರ ಹಚ್ಚಿ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಲಲಿತಮ್ಮ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಹೋದರು.

"ಏನ್ರೀ ಇದು, ಈಶ್ವರನ ಪಕ್ಕದಲ್ಲಿ ಬಕಲ್ ಥರ ನೇತಾಡ್ತಿದೆ?"

ಅಭಿಷೇಕದ ರಭಸಕ್ಕೆ ಬೆಲ್ಟು ಹೊರಗೆ ಜಾರಿತ್ತು. ಸುಧಾ ಸೂರು ನೋಡಿದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ, ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

"ಹೆಲ್ಮೆಟ್ಟು ಕಣ್ರೀ," ಅಂದೆ.

"ನೀವು ಹಾಕ್ಕೊಂಡಿದ್ದಾ?"

"ಹೂಂ. ದಾರಿಯುದ್ದಕ್ಕೂ."

ಕರ್ಪೂರ ಉರಿಯುತ್ತಿತ್ತು, ಕಾಯುವ ಹಾಗಿರಲಿಲ್ಲ. ತಟ್ಟೆ ನನ್ನ ಕೈಯಿಂದ ಮೆಲ್ಲಗೆ ಲಲಿತಮ್ಮನ ಕೈಗೆ ಹೋಯಿತು. ಒಳಗಿನ ಕೋಣೆಯಲ್ಲಿ ಯಜಮಾನರು ಸೊಂಟ ಹಿಡಿದುಕೊಂಡು ನಗುತ್ತಿದ್ದದ್ದು ಹಾಡಿನ ಮಧ್ಯೆಯೂ ಕೇಳಿಸಿತು.

ಮೊನ್ನೆ ಸೋಕ್ ಸುಧಾಗೆ ಇಮೇಲ್ ಮಾಡಿದ್ದಾನೆ. ಹಳ್ಳಿಯವರು ಆ ಹೆಲ್ಮೆಟ್ಟಿನ ಮೇಲೆ ತಗಡಿನ ಮಾಡು ಹಾಕಿಸಿದ್ದಾರಂತೆ, ಬೆಳಿಗ್ಗೆ ಸಂಜೆ ಊದುಬತ್ತಿ, ಬಾಳೆಹಣ್ಣು ತಪ್ಪಿಸುವುದಿಲ್ಲವಂತೆ. ನನ್ನ ತಲೆಯ ಮೇಲಿದ್ದದ್ದಕ್ಕೆ ಅಲ್ಲಿ ನಿತ್ಯ ಪೂಜೆ. ತಲೆಗೆ ಇಲ್ಲಿ ಮೂರನೇ ಸಾಲು.